ಹಚ್ಚೆಯ ಹಸಿರು, ಲೇಸರಿನ ಲೆಕ್ಕ

ಕನ್ನಡದ ‘ಹಚ್ಚೆ’ ಎಂಬ ಪದದೊಳಗೇ ಒಂದು ಬಣ್ಣ ಅಡಗಿದೆ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾಗಿ ‘ಪಾಲು’ ಎಂಬುದು ‘ಹಾಲು’ ಆದಂತೆ, ‘ಪಚ್ಚೆ’ಯು ‘ಹಚ್ಚೆ’ಯಾಯಿತು. ತಮಿಳಿನಲ್ಲಿ ಇದೇ ಕೆಲಸಕ್ಕೆ ಇಂದಿಗೂ ‘ಪಚ್ಚೈ ಕುತ್ತುದಲ್’ ಎಂದು ಹೆಸರು. ‘ಹಸಿರು ಚುಚ್ಚುವುದು’ ಎಂದು ಅದರ ಅರ್ಥ. ತೇನಿ ಜಿಲ್ಲೆಯ ಉತ್ತಮಪಾಳಯಂ, ಕಂಬಂ ಪ್ರದೇಶಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ ಮನೆಗಳಲ್ಲಿ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ಅಲ್ಲಿನವರ ಕಿವಿಗೆ ಈ ಎರಡು ಪದಗಳೂ ಒಂದೇ ಬೇರಿನವೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಹಸಿರು ನಿಜವಾಗಿ ಹಸಿರಲ್ಲ. ಎಡ್ಗರ್ ಥರ್ಸ್ಟನ್ 1906ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಾಂಗ ಟಿಪ್ಪಣಿಗಳಲ್ಲಿ ಹಚ್ಚೆಯ ಮಸಿ ತಯಾರಿಸುವ ಕ್ರಮವನ್ನು ದಾಖಲಿಸಿದ್ದಾನೆ. ಅರಿಸಿನದ ಪುಡಿಯನ್ನು ಅಗಸೆ ಮರದ ಸೊಪ್ಪಿನೊಡನೆ ಅರೆದು, ತೆಳುವಾದ ಬಟ್ಟೆಯಲ್ಲಿಟ್ಟು ಬತ್ತಿಯಾಗಿ ಸುತ್ತಿ, ಹರಳೆಣ್ಣೆಯ ದೀಪದಲ್ಲಿ ಉರಿಸುತ್ತಿದ್ದರು. ಮೇಲೆ ಕವುಚಿದ ಹೊಸ ಮಡಕೆಯ ಒಳಮೈಯಲ್ಲಿ ಕೂರುವ ಕಾಡಿಗೆಯನ್ನು ಕೆರೆದು ನೀರಿನಲ್ಲೋ ಎದೆಹಾಲಿನಲ್ಲೋ ಕಲಸಿದರೆ ಮಸಿ ಸಿದ್ಧ. ಕೊರವ ಸಮುದಾಯದ ಹೆಂಗಸರು ಸೂಜಿಗಳಿಂದ ಅದನ್ನು ಚರ್ಮದೊಳಕ್ಕೆ ಚುಚ್ಚುತ್ತಿದ್ದರು. ಸೊಪ್ಪಿನ ಹಸಿರೂ ಅರಿಸಿನದ ಹಳದಿಯೂ ಬೆಂಕಿಯಲ್ಲಿ ಸುಟ್ಟುಹೋಗಿ ಕೊನೆಗೆ ಉಳಿಯುವುದು ಇಂಗಾಲ ಮಾತ್ರ. ಆ ಕರಿಯ ಇಂಗಾಲವು ಚರ್ಮದ ಆಳದಲ್ಲಿ ಕುಳಿತಾಗ, ಮೇಲಿನ ಪದರಗಳಲ್ಲಿ ಬೆಳಕು ಚದರುವ ರೀತಿಯಿಂದಾಗಿ ನಮ್ಮ ಕಣ್ಣಿಗೆ ಹಸಿರು ಬೆರೆತ ನೀಲಿಯಾಗಿ ಕಾಣುತ್ತದೆ. ಅಜ್ಜಿಯರ ಕೈಮೇಲಿನ ಹಸಿರು ವಾಸ್ತವವಾಗಿ ದೀಪದ ಕಪ್ಪು.

ಮೊಮ್ಮಕ್ಕಳ ಕೈಮೇಲಿನ ಹಸಿರು ಹಾಗಲ್ಲ. ಅದು ಕಾರ್ಖಾನೆಯಲ್ಲಿ ತಯಾರಾದ ನಿಜವಾದ ಹಸಿರು. ಅದರ ಪಕ್ಕದಲ್ಲಿ ಕೆಂಪು, ಹಳದಿ, ಆಕಾಶನೀಲಿ, ಬಿಳಿ. ಜಾತ್ರೆಯ ಮಳಿಗೆಗಳಲ್ಲಿಯೂ ಪಟ್ಟಣಗಳ ಟ್ಯಾಟೂ ಅಂಗಡಿಗಳಲ್ಲಿಯೂ ವಿದ್ಯುತ್ ಸೂಜಿಯು ಒಂದು ಗಂಟೆಯೊಳಗೆ ಈ ಬಣ್ಣಗಳನ್ನೆಲ್ಲ ಚರ್ಮದೊಳಗೆ ಇಳಿಸಿಬಿಡುತ್ತದೆ. ಹಾಗೆ ಇಳಿದದ್ದನ್ನು ಹೊರತೆಗೆಯಬೇಕೆಂಬ ಗಳಿಗೆ ಬಂದಾಗಲೇ ಅಜ್ಜಿಯ ಹಸಿರಿಗೂ ಮೊಮ್ಮಗನ ಹಸಿರಿಗೂ ಇರುವ ವ್ಯತ್ಯಾಸ ಅರಿವಾಗುವುದು.

ಕನ್ನಡದಲ್ಲಿ ಪರೀಕ್ಷೆ, ಕೈಮೇಲೆ ಅಡ್ಡಿ

ಅಂಥ ಗಳಿಗೆ ಇಂದು ಅನೇಕ ಮನೆಗಳಿಗೆ ಉದ್ಯೋಗದ ರೂಪದಲ್ಲಿ ಬರುತ್ತಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿ ಪರೀಕ್ಷೆಯನ್ನು ಮೊದಲು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಬರೆಯಬೇಕಿತ್ತು. 2024ರಿಂದ ಇನ್ನೂ 13 ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಕನ್ನಡವೂ ತಮಿಳೂ ಅವುಗಳಲ್ಲಿ ಸೇರಿವೆ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು ಮುಂತಾದೆಡೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದು ಸಣ್ಣ ಬದಲಾವಣೆಯಲ್ಲ. ಹತ್ತನೆಯ ತರಗತಿಯವರೆಗೆ ಕಲಿತ ಭಾಷೆಯಲ್ಲಿಯೇ ಕೇಂದ್ರ ಸರ್ಕಾರದ ಉದ್ಯೋಗಕ್ಕೆ ಪರೀಕ್ಷೆ ಬರೆಯುವ ಬಾಗಿಲು ತೆರೆದಿದೆ.

ಆ ಬಾಗಿಲು ದಾಟಿದ ಮೇಲೆ ದೈಹಿಕ ಪರೀಕ್ಷೆ, ಅನಂತರ ವೈದ್ಯಕೀಯ ತಪಾಸಣೆ. ಅಲ್ಲಿ ಹಚ್ಚೆಯ ಬಗ್ಗೆ ಸ್ಪಷ್ಟವಾದ ನಿಯಮವಿದೆ. ಈ ಪಡೆಗಳ ನೇಮಕಾತಿ ಅಧಿಸೂಚನೆಗಳ ಪ್ರಕಾರ ಧಾರ್ಮಿಕ ಚಿಹ್ನೆ, ದೇವರ ಆಕೃತಿ ಅಥವಾ ಹೆಸರನ್ನು ಸೂಚಿಸುವ ಹಚ್ಚೆಗೆ ಅನುಮತಿಯುಂಟು. ಅದು ಎಡಗೈಯ ಮುಂದೋಳಿನ ಒಳಮೈಯಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ, ಇಲ್ಲವೇ ಅಂಗೈಯ ಹಿಂಬದಿಯಲ್ಲಿರಬೇಕು. ಆಯಾ ಭಾಗದ ನಾಲ್ಕನೆಯ ಒಂದು ಪಾಲಿಗಿಂತ ಚಿಕ್ಕದಾಗಿರಬೇಕು. ಬಲಗೈ ಸಲಾಮು ಹೊಡೆಯುವ ಕೈಯಾದ್ದರಿಂದ ಅದರ ಮುಂದೋಳಿಗೆ ಈ ರಿಯಾಯಿತಿ ಇಲ್ಲ. ಭೂಸೇನೆಯ ನಿಯಮವೂ ಹಚ್ಚೆಯನ್ನು ಮುಂದೋಳಿನ ಒಳಮೈಗೂ ಅಂಗೈಯ ಹಿಂಬದಿಗೂ ಸೀಮಿತಗೊಳಿಸುತ್ತದೆ. ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗೆ ಪ್ರತ್ಯೇಕ ವಿನಾಯಿತಿ ಇದೆ. ಅಧಿಸೂಚನೆಯ ಮಾತುಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಅರ್ಜಿ ಹಾಕುವ ವರ್ಷದ ಪ್ರತಿಯನ್ನೇ ಓದಿಕೊಳ್ಳಬೇಕು.

ಈ ನಿಯಮದಿಂದ ಎಡವಿದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದುಂಟು. 2017ರಲ್ಲಿ ಸೊಲ್ಲಾಪುರದ ಯುವಕನೊಬ್ಬನನ್ನು ಬಲ ಮುಂದೋಳಿನ ಧಾರ್ಮಿಕ ಹಚ್ಚೆಯ ಕಾರಣಕ್ಕೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯು ಅನರ್ಹನೆಂದಿತು. ಅದರ ಬಹುಪಾಲನ್ನು ಆತ ಅಳಿಸಿಕೊಂಡಿದ್ದ. ಅವನ ಪರವಾಗಿ ಬೊಂಬಾಯಿ ಉಚ್ಚ ನ್ಯಾಯಾಲಯ ಆದೇಶ ನೀಡಿತು. 2022ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಬಲಗೈ ಹಚ್ಚೆಯ ಅಭ್ಯರ್ಥಿಯೊಬ್ಬನಿಗೆ, ಅದನ್ನು ತೆಗೆಸಿಕೊಂಡು ಹೊಸದಾಗಿ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಅವಕಾಶ ಮಾಡಿಕೊಟ್ಟಿತು. 2024ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ದೆಹಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಅಭ್ಯರ್ಥಿಯನ್ನು ಎದುರಿಗೆ ಕರೆಸಿ, ಅವನ ಮುಂದೋಳನ್ನು ತಾವೇ ಕಣ್ಣಾರೆ ನೋಡಿದರು. ತೆಗೆಸಿದ ಹಚ್ಚೆ ಬರಿಗಣ್ಣಿಗೆ ಕಾಣುವಂತಿಲ್ಲವೆಂದು ಅವನ ಪರವಾಗಿಯೇ ತೀರ್ಪಿತ್ತರು.

ಈ ಮೂರು ಪ್ರಕರಣಗಳನ್ನು ಓದಿ ನೆಮ್ಮದಿಯಿಂದ ಕೂರುವುದು ಅಪಾಯಕರ. ಮೂರರಲ್ಲಿಯೂ ಹಚ್ಚೆ ಅಳಿದಿತ್ತು, ಬಹುಮಟ್ಟಿಗೆ ಅಳಿದಿತ್ತು ಅಥವಾ ಅಳಿಸಿಕೊಳ್ಳಬೇಕೆಂಬುದೇ ಷರತ್ತಾಗಿತ್ತು. ಅಂದರೆ ಅಂತಿಮ ಉತ್ತರ ಇರುವುದು ಚರ್ಮದ ಮೇಲೆ. ಅಲ್ಲಿ ಕಪ್ಪು ಮಸಿಯ ಕಥೆಯೇ ಬೇರೆ, ಬಣ್ಣದ ಕಥೆಯೇ ಬೇರೆ.

ಬೆಳಕು ಮಾಡುವ ಕೆಲಸ

ಹಚ್ಚೆ ಶಾಶ್ವತವಾಗಿ ಉಳಿಯುವುದೇಕೆ ಎಂಬುದನ್ನು ಮೊದಲು ತಿಳಿಯಬೇಕು. ಸೂಜಿ ಇಳಿಸಿದ ಬಣ್ಣದ ಕಣಗಳನ್ನು ದೇಹವು ಹೊರಗಿನ ಕಸವೆಂದೇ ಗುರುತಿಸುತ್ತದೆ. ರಕ್ಷಣಾ ವ್ಯವಸ್ಥೆಯ ಭಕ್ಷಕ ಕೋಶಗಳು ಬಂದು ಅವನ್ನು ನುಂಗುತ್ತವೆ. ನುಂಗಿದರೂ ಅರಗಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಯೇ ಕುಳಿತುಬಿಡುತ್ತವೆ. ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಮುಂದಿನ ಹಂತವನ್ನು ತೋರಿಸಿತು. ಒಂದು ಕೋಶ ಸತ್ತು ಬಣ್ಣವನ್ನು ಕಾರಿಕೊಂಡರೆ ಪಕ್ಕದ ಹೊಸ ಕೋಶ ಅದನ್ನೇ ನುಂಗುತ್ತದೆ. ಕಾವಲುಗಾರರು ಬದಲಾಗುತ್ತಾರೆ, ಕೈದಿ ಅಲ್ಲಿಯೇ ಇರುತ್ತಾನೆ.

ಆ ಕಣಗಳನ್ನು ಒಡೆದು ಪುಡಿ ಮಾಡಿದರೆ ದುಗ್ಧರಸದ ಮೂಲಕ ಸಾಗಿಸಿ ಹೊರಹಾಕಲು ದೇಹಕ್ಕೆ ಸಾಧ್ಯವಾಗುತ್ತದೆ. ಲೇಸರ್ ಮಾಡುವುದು ಈ ಒಡೆಯುವ ಕೆಲಸವನ್ನು ಮಾತ್ರ. 1960ರಲ್ಲಿ ಥಿಯೊಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ. ಅದು ಮಾಣಿಕ್ಯದ ಹರಳಿನಿಂದ ಹೊಮ್ಮಿದ ಕೆಂಪು ಬೆಳಕು. ಅದೇ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಹಚ್ಚೆಯ ಮೇಲೆ ಪ್ರಯೋಗಿಸಿದ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಇಬ್ಬರು ವಿಜ್ಞಾನಿಗಳು ಇದರ ಹಿಂದಿನ ತತ್ತ್ವವನ್ನು ಸ್ಪಷ್ಟಪಡಿಸಿದರು. ಗುರಿಯ ಬಣ್ಣ ಹೀರುವ ಬೆಳಕನ್ನೇ ಆರಿಸಿ, ಶಾಖವು ಅಕ್ಕಪಕ್ಕಕ್ಕೆ ಹರಡುವ ಮುನ್ನವೇ ನಿಲ್ಲುವಷ್ಟು ಅಲ್ಪ ಕಾಲ ಹಾಯಿಸಿದರೆ, ಗುರಿ ಮಾತ್ರ ಒಡೆದು ಸುತ್ತಲಿನ ಚರ್ಮ ಉಳಿಯುತ್ತದೆ ಎಂಬುದು ಆ ತತ್ತ್ವ. ಇಂದಿನ ಯಂತ್ರಗಳು ಬೆಳಕನ್ನು ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ ಹಾಯಿಸುತ್ತವೆ. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಮೆರಿಕದಲ್ಲಿ 2012ರ ಕೊನೆಯಲ್ಲಿ ಮೊದಲ ಅನುಮತಿ ಪಡೆದ ಪಿಕೊ ಲೇಸರುಗಳ ಮಿಡಿತ ಅದಕ್ಕಿಂತಲೂ ಎಷ್ಟೋ ಪಟ್ಟು ಚಿಕ್ಕದು.

ಒಂದೊಂದು ಬಣ್ಣಕ್ಕೆ ಒಂದೊಂದು ಬೆಳಕು

ಕೆಂಪು ಹೂವು ಕೆಂಪಾಗಿ ಕಾಣುವುದು ಅದು ಕೆಂಪು ಬೆಳಕನ್ನು ಹಿಂದಿರುಗಿಸಿ ಹಸಿರನ್ನು ಹೀರಿಕೊಳ್ಳುವುದರಿಂದ. ಎಲೆ ಹಸಿರಾಗಿ ಕಾಣುವುದು ಅದು ಕೆಂಪನ್ನು ಹೀರಿ ಹಸಿರನ್ನು ಹಿಂದಿರುಗಿಸುವುದರಿಂದ. ಶಾಲೆಯ ವಿಜ್ಞಾನ ಪುಸ್ತಕದ ಈ ಪಾಠವೇ ಬಣ್ಣದ ಹಚ್ಚೆಯ ಕಷ್ಟವನ್ನು ಪೂರ್ತಿಯಾಗಿ ವಿವರಿಸುತ್ತದೆ. ಕೆಂಪು ಮಸಿಯನ್ನು ಒಡೆಯಲು ಹಸಿರು ಬೆಳಕು ಬೇಕು, ಹಸಿರು ಮಸಿಯನ್ನು ಒಡೆಯಲು ಕೆಂಪು ಬೆಳಕು ಬೇಕು. ಹೀರಿಕೊಳ್ಳದ ಬೆಳಕನ್ನು ಎಷ್ಟು ಹಾಯಿಸಿದರೂ ಬಣ್ಣ ಕದಲುವುದಿಲ್ಲ.

ಕಪ್ಪು ಎಲ್ಲ ಬೆಳಕನ್ನೂ ಹೀರುತ್ತದೆ. ಆದ್ದರಿಂದ ಅದು ಅತ್ಯಂತ ಸುಲಭವಾದ ಗುರಿ. ಎನ್‌ಡಿ-ಯಾಗ್ ಎಂಬ ಲೇಸರಿನ 1064 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕು ಕಪ್ಪನ್ನೂ ಗಾಢ ನೀಲಿಯನ್ನೂ ಒಡೆಯುತ್ತದೆ. ಅದೇ ಯಂತ್ರದಲ್ಲಿ ತರಂಗಾಂತರವನ್ನು ಅರ್ಧಕ್ಕೆ ಇಳಿಸಿದರೆ 532 ನ್ಯಾನೊಮೀಟರಿನ ಹಸಿರು ಬೆಳಕು ಬರುತ್ತದೆ. ಅದು ಕೆಂಪು ಮತ್ತು ಕಿತ್ತಳೆ ಬಣ್ಣಗಳಿಗೆ ತಕ್ಕದ್ದು. ಹಳದಿಯ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ಹಸಿರು ಮತ್ತು ಆಕಾಶನೀಲಿಗಳಿಗೆ 694 ನ್ಯಾನೊಮೀಟರಿನ ಮಾಣಿಕ್ಯ ಲೇಸರ್ ಅಥವಾ 755 ನ್ಯಾನೊಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬೇಕು. ಹೀಗೆ ನಾಲ್ಕು ಬಣ್ಣದ ನವಿಲನ್ನು ಅಳಿಸಲು ಒಂದಕ್ಕಿಂತ ಹೆಚ್ಚು ಯಂತ್ರಗಳೇ ಬೇಕಾಗಬಹುದು.

ಕುಟುಂಬಗಳು ಮೋಸ ಹೋಗುವುದು ಈ ಹಂತದಲ್ಲಿ. ಸಾಮಾನ್ಯವಾಗಿ ಚಿಕಿತ್ಸಾಲಯಗಳಲ್ಲಿ ಕಾಣುವುದು 1064 ಮತ್ತು 532 ಎರಡನ್ನೂ ಕೊಡುವ ಎನ್‌ಡಿ-ಯಾಗ್ ಯಂತ್ರ. ಅದು ಅಜ್ಜಿಯ ‘ಹಸಿರು’ ಹಚ್ಚೆಯನ್ನು ತೆಗೆಯಬಲ್ಲದು, ಏಕೆಂದರೆ ಅದು ದೀಪದ ಕಪ್ಪು. ಮೊಮ್ಮಗನ ನಿಜವಾದ ಹಸಿರಿನ ಮುಂದೆ ಅದೇ ಯಂತ್ರ ಬಹುಮಟ್ಟಿಗೆ ನಿಷ್ಫಲವಾಗುತ್ತದೆ. ‘ಲೇಸರ್ ಇದೆ’ ಎಂಬ ಫಲಕ ಕಂಡ ಮಾತ್ರಕ್ಕೆ ಹಣ ಕಟ್ಟದೆ, ‘ಈ ಬಣ್ಣಕ್ಕೆ ಯಾವ ತರಂಗಾಂತರ?’ ಎಂದು ಕೇಳಿ ಉತ್ತರವನ್ನು ಬರೆಸಿಕೊಳ್ಳುವುದು ಲೇಸು.

ಬಿಳಿ, ಚರ್ಮದ ಬಣ್ಣ, ತಿಳಿ ಗುಲಾಬಿ ಇವು ನೋಡಲು ಸೌಮ್ಯವಾಗಿದ್ದರೂ ಲೇಸರಿನ ಮಟ್ಟಿಗೆ ಅಪಾಯಕಾರಿ. ಅವುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಬೆರೆತಿರುತ್ತದೆ. ಲೇಸರಿನ ಪೆಟ್ಟಿಗೆ ಈ ದ್ರವ್ಯಗಳ ರಾಸಾಯನಿಕ ಸ್ಥಿತಿ ಬದಲಾಗಿ ಕ್ಷಣಾರ್ಧದಲ್ಲಿ ಕಪ್ಪಾಗಬಹುದು. ಅಳಿಸಲು ಹೋದ ಬಿಳಿ ಹೂವು ಕರಿಯ ಹೂವಾಗಿ ಉಳಿದೀತು. ಇತರ ಬಣ್ಣಗಳನ್ನು ತಿಳಿಗೊಳಿಸಲೂ ಬಿಳಿಯನ್ನು ಬೆರೆಸುವ ರೂಢಿಯಿರುವುದರಿಂದ, ಮೊದಲು ಮೂಲೆಯ ಒಂದು ಚಿಕ್ಕ ಚುಕ್ಕೆಯ ಮೇಲೆ ಪ್ರಯೋಗಿಸಿ ಕೆಲವು ವಾರ ಕಾದು ನೋಡದೆ ಮುಂದುವರಿಯಬಾರದು.

ಕೆಂಪಿಗೆ ಇನ್ನೊಂದು ದೋಷವಿದೆ. ಹಚ್ಚೆಯ ಬಣ್ಣಗಳಲ್ಲಿ ಹೆಚ್ಚಾಗಿ ಅಲರ್ಜಿ ಉಂಟುಮಾಡುವುದು ಕೆಂಪು. ಹಿಂದೆ ಅದಕ್ಕೆ ಪಾದರಸದ ಸಂಯುಕ್ತವಾದ ಇಂಗುಲೀಕವನ್ನು ಬಳಸುತ್ತಿದ್ದರು. ಈಗ ಇಂಗಾಲಮೂಲದ ಕೃತಕ ಬಣ್ಣಗಳು ಬಂದಿವೆ. ಕೆಂಪು ಇರುವ ಕಡೆ ತುರಿಕೆ, ಗಂಟು, ಊತ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಂಥ ಚರ್ಮದಲ್ಲಿ ಲೇಸರಿನಿಂದ ಒಡೆದ ಕಣಗಳು ದೇಹದಲ್ಲಿ ಹರಡಿ ಮೈಯೆಲ್ಲ ಅಲರ್ಜಿಯಾಗುವ ಸಂಭವವುಂಟು.

ನಮ್ಮ ಚರ್ಮ, ನಮ್ಮ ಬಿಸಿಲು

ಲೇಸರಿಗೆ ಹಚ್ಚೆಯ ಬಣ್ಣವೂ ಬಣ್ಣವೇ, ಚರ್ಮದ ಸಹಜ ಬಣ್ಣವಾದ ಮೆಲನಿನ್ ಕೂಡ ಬಣ್ಣವೇ. ಬಿಳಿಯ ಚರ್ಮದವರನ್ನು ನೋಡಿ ಬರೆದ ಜಾಹೀರಾತುಗಳು ನಮ್ಮ ನಾಡಿನ ಗೋಧಿವರ್ಣ, ಎಣ್ಣೆಗಪ್ಪು ಮೈಗಳಿಗೆ ಹಾಗೆಯೇ ಹೊಂದುವುದಿಲ್ಲ. ತರಂಗಾಂತರ ಚಿಕ್ಕದಾದಷ್ಟೂ ಮೆಲನಿನ್ ಅದನ್ನು ಹೆಚ್ಚಾಗಿ ಹೀರುತ್ತದೆ. ಆದ್ದರಿಂದ ಕೆಂಪು ಮಸಿಗೆ ಬೇಕಾದ 532ರ ಹಸಿರು ಬೆಳಕು ಕಪ್ಪು ಚರ್ಮದ ಮೇಲೆ ಬಿಳಿ ಮಚ್ಚೆಯನ್ನೋ, ಗುಳ್ಳೆಯನ್ನೋ, ಕಪ್ಪು ಕಲೆಯನ್ನೋ ಬಿಟ್ಟುಹೋಗಬಹುದು. 694 ಮತ್ತು 755ರ ಬೆಳಕುಗಳಲ್ಲಿಯೂ ಈ ಅಪಾಯವಿದೆ. 1064 ಮಾತ್ರ ಹೋಲಿಕೆಯಲ್ಲಿ ಸುರಕ್ಷಿತ. ಆದರೆ ಅದು ಕಪ್ಪು ಮಸಿಯ ಮಿತ್ರ, ಬಣ್ಣಗಳ ಮಿತ್ರನಲ್ಲ.

ಇದೇ ಕಾರಣಕ್ಕೆ ಬಿಸಿಲಿನ ಪಥ್ಯ ಅತ್ಯಗತ್ಯ. ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ, ತೆಂಗಿನ ತೋಟದಲ್ಲಿ, ಗದ್ದೆಯ ಬಯಲಿನಲ್ಲಿ ದುಡಿಯುವ ತೋಳುಗಳು ಇಡೀ ದಿನ ಬಿಸಿಲಿಗೆ ತೆರೆದಿರುತ್ತವೆ. ಬಿಸಿಲಿಗೆ ಕಂದಿದ ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಸುಟ್ಟ ಗಾಯದ ಸಂಭವವೂ ಹೆಚ್ಚುತ್ತದೆ. ಚಿಕಿತ್ಸೆಗೆ ಮುನ್ನವೂ ಅನಂತರವೂ ಕೆಲವು ವಾರ ತೋಳನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಗಾಯವಾದ ಕಡೆ ಚರ್ಮವು ಗಂಟುಗಂಟಾಗಿ ಉಬ್ಬುವ ಗುಣ ಮನೆತನದಲ್ಲಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆಯ ದಿನ ಬೆಳಕಿನ ಪ್ರತಿ ಮಿಡಿತವೂ ರಬ್ಬರು ಪಟ್ಟಿಯಿಂದ ಚಟೀರನೆ ಹೊಡೆದಂತೆ ನೋಯುತ್ತದೆ; ಮರಗಟ್ಟಿಸುವ ಮುಲಾಮು ಹಚ್ಚುವುದುಂಟು. ಬೆಳಕು ಬಿದ್ದೊಡನೆ ಹಚ್ಚೆಯ ಮೇಲೆ ಬಿಳಿಯ ಪೊರೆ ಕಟ್ಟಿದಂತೆ ಕಾಣುತ್ತದೆ. ಶಾಖದಿಂದ ಎದ್ದ ಸೂಕ್ಷ್ಮ ಅನಿಲ ಗುಳ್ಳೆಗಳು ಅವು. ಅರ್ಧ ಗಂಟೆಯೊಳಗೆ ಮರೆಯಾಗುತ್ತವೆ. ಬಳಿಕ ಊತ, ಗುಳ್ಳೆ, ಹಕ್ಕಳೆ ಬರಬಹುದು. ಹಕ್ಕಳೆಯನ್ನು ಕೀಳಬಾರದು. ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ಆ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕ ಧರಿಸಿರಲೇಬೇಕು, ಏಕೆಂದರೆ ದಿಕ್ಕು ತಪ್ಪಿದ ಒಂದೇ ಕಿರಣ ಕಣ್ಣಿನ ಅಕ್ಷಿಪಟವನ್ನು ಶಾಶ್ವತವಾಗಿ ಸುಡಬಲ್ಲದು. ಕನ್ನಡಕ ಕೊಡದ ಕೊಠಡಿಯಿಂದ ಎದ್ದುಬರುವುದೇ ಸರಿ.

ತಿಂಗಳುಗಳ ಲೆಕ್ಕ

ಎಷ್ಟು ಸಲ ಲೇಸರ್ ಹಾಯಿಸಬೇಕೆಂಬುದನ್ನು ಅಂದಾಜಿಸಲು 2009ರಲ್ಲಿ ಪ್ರಕಟವಾದ ಕರ್ಬಿ-ದೇಸಾಯಿ ಮಾಪಕವನ್ನು ವೈದ್ಯರು ಬಳಸುತ್ತಾರೆ. ಚರ್ಮದ ಬಣ್ಣ, ಹಚ್ಚೆ ಇರುವ ಜಾಗ, ಮಸಿಯ ಪ್ರಮಾಣ, ಹಳೆಯ ಹಚ್ಚೆಯ ಮೇಲೆ ಹೊಸದು ಹಾಕಿದೆಯೇ ಎಂಬುದು, ಗಾಯದ ಗುರುತು, ಮಸಿಯ ಬಣ್ಣ ಈ ಆರು ಅಂಶಗಳಿಗೆ ಅಂಕ ಕೊಟ್ಟು ಕೂಡುವುದು ಅದರ ಕ್ರಮ. ಬಣ್ಣ ಹೆಚ್ಚಿದಷ್ಟೂ, ಹೃದಯದಿಂದ ದೂರವಾದಷ್ಟೂ, ಚರ್ಮ ಕಪ್ಪಾದಷ್ಟೂ ಅಂಕ ಏರುತ್ತದೆ. ಈ ಲೆಕ್ಕದಲ್ಲಿ ಬಣ್ಣದ ಹಚ್ಚೆ ಹೊತ್ತ ನಮ್ಮವರ ಮುಂದೋಳು ಸುಲಭದ ಪಟ್ಟಿಯಲ್ಲಿ ಬರುವುದಿಲ್ಲ.

ಎರಡು ಸಲದ ನಡುವೆ ಆರರಿಂದ ಎಂಟು ವಾರಗಳ ಅಂತರ ರೂಢಿಯಲ್ಲಿದೆ. ಒಡೆದ ಕಣಗಳನ್ನು ಸಾಗಿಸಲು ದೇಹಕ್ಕೆ, ಮಾಯಲು ಚರ್ಮಕ್ಕೆ ಅಷ್ಟು ಸಮಯ ಬೇಕು. ಎಂಟು ಸಲ ಬೇಕಾಯಿತೆಂದು ಇಟ್ಟುಕೊಂಡರೆ ನಡುವಿನ ಏಳು ಅಂತರಗಳಿಗೆ 42ರಿಂದ 56 ವಾರಗಳು, ಅಂದರೆ ಹತ್ತು ತಿಂಗಳಿಂದ ಹದಿಮೂರು ತಿಂಗಳು. ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣನಾದ ಮೇಲೆ, ವೈದ್ಯಕೀಯ ತಪಾಸಣೆಯ ಪತ್ರ ಕೈಸೇರಿದ ಮೇಲೆ ಲೇಸರಿನ ಬಾಗಿಲು ತಟ್ಟುವವನಿಗೆ ಈ ಲೆಕ್ಕ ಯಾವ ರೀತಿಯಲ್ಲಿಯೂ ಒದಗುವುದಿಲ್ಲ. ಅವಸರಕ್ಕೆ ಬಿದ್ದು ಎರಡು ವಾರಕ್ಕೊಮ್ಮೆ, ಹೆಚ್ಚಿನ ಶಕ್ತಿಯಲ್ಲಿ ಹಾಯಿಸಿಕೊಂಡರೆ ಹಚ್ಚೆಯ ಜಾಗದಲ್ಲಿ ಸುಟ್ಟ ಕಲೆ ಉಳಿಯುತ್ತದೆ. ಹತ್ತನೆಯ ತರಗತಿ ಮುಗಿಸಿ ಪಡೆಗಳ ಕನಸು ಕಾಣುವ ಹುಡುಗನ ಬಲಗೈಯಲ್ಲಿ ಬಣ್ಣದ ಹಚ್ಚೆ ಇದ್ದರೆ, ಅರ್ಜಿ ಹಾಕುವುದಕ್ಕೆ ಒಂದೂವರೆ ವರ್ಷ ಮುಂಚೆಯೇ ಚರ್ಮತಜ್ಞರನ್ನು ಕಾಣುವುದು ವಿವೇಕ.

ಅಗ್ಗದ ಅಡ್ಡದಾರಿಗಳು ಹೇರಳವಾಗಿವೆ. ಉಪ್ಪು ಹಾಕಿ ಉಜ್ಜುವುದು, ಸುಣ್ಣ ಹಚ್ಚುವುದು, ಆಮ್ಲ ಬೆರೆತ ಮುಲಾಮು, ಅಂಚೆಯಲ್ಲಿ ತರಿಸುವ ‘ಲೇಸರ್ ಪೆನ್ನು’. ಇವು ಬಣ್ಣವನ್ನು ಗುರುತಿಸಿ ಒಡೆಯುವುದಿಲ್ಲ, ಚರ್ಮವನ್ನೇ ಸುಡುತ್ತವೆ ಅಥವಾ ಕೊರೆಯುತ್ತವೆ. ಚಿಕ್ಕ ಹಚ್ಚೆಯಾದರೆ ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿ ಹೊಲಿಯುವ ಮಾರ್ಗವುಂಟು. ಒಂದು ಗೆರೆಯ ಗುರುತು ಉಳಿದರೂ ಯಾವ ಬಣ್ಣವಾದರೂ ಒಂದೇ ದಿನದಲ್ಲಿ ಹೋಗುತ್ತದೆ. ಅಂಗೈ ಅಗಲದ ಚಿತ್ರಕ್ಕೆ ಅದು ನಡೆಯದು.

ಸಹಿ ಹಾಕುವ ಮುನ್ನ

ಟ್ಯಾಟೂ ಅಂಗಡಿಯಲ್ಲಿ ಹದಿನೈದು, ಹದಿನಾರು ವರ್ಷದ ಮಕ್ಕಳೂ ಕೈ ಚಾಚಿ ಕುಳಿತಿರುವುದನ್ನು ಪಾಲಕರು ನೋಡಿರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮು, ಒಪ್ಪಿಗೆಯಿಂದ ಉಂಟಾದ ನೋವು ಅಪರಾಧವಾಗದೆಂಬ ರಕ್ಷಣೆಯನ್ನು ಕೊಡುವುದು ಒಪ್ಪಿಗೆ ನೀಡಿದವರು ಹದಿನೆಂಟು ವರ್ಷ ಮೀರಿದ್ದರೆ ಮಾತ್ರ. ಅಂಗಡಿಯವನು ಬಾಲಕನ ಸಹಿಯನ್ನು ತೋರಿಸಿ ಆ ರಕ್ಷಣೆಯನ್ನು ಪಡೆಯಲಾರ. ಅಪ್ರಾಪ್ತರೊಡನೆ ಮಾಡಿಕೊಂಡ ಕರಾರು ಆರಂಭದಿಂದಲೇ ಅಸಿಂಧುವೆಂಬುದು 1903ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದ ನೆಲೆಗೊಂಡಿರುವ ನಿಯಮ.

ಮಸಿಯ ಗುಣಮಟ್ಟದ ವಿಚಾರದಲ್ಲಿ ನಮ್ಮ ದೇಶದ ಕಾನೂನು ಹಿಂದುಳಿದಿದೆ. ಐರೋಪ್ಯ ಒಕ್ಕೂಟವು 2022ರ ಜನವರಿ 4ರಿಂದ ಹಚ್ಚೆಯ ಮಸಿಗಳಲ್ಲಿ ಸಾವಿರಾರು ರಾಸಾಯನಿಕಗಳನ್ನು ನಿರ್ಬಂಧಿಸಿತು. ಮರುವರ್ಷ ಒಂದು ಪ್ರಮುಖ ನೀಲಿ ಮತ್ತು ಒಂದು ಪ್ರಮುಖ ಹಸಿರು ವರ್ಣದ್ರವ್ಯಗಳೂ ಆ ಪಟ್ಟಿಗೆ ಸೇರಿದವು. ಕರ್ನಾಟಕದಲ್ಲಿ 2025ರ ಆರಂಭದಲ್ಲಿ ಮಸಿಯ ಮಾದರಿಗಳಲ್ಲಿ 22 ಲೋಹಗಳು ಪತ್ತೆಯಾಗಿವೆಯೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿ, ನಿಯಂತ್ರಣಕ್ಕಾಗಿ ಕೇಂದ್ರವನ್ನು ಕೋರುವುದಾಗಿ ಹೇಳಿದರು. ತಮಿಳುನಾಡಿನ ತಿರುಚ್ಚಿಯಲ್ಲಿ 2024ರ ಡಿಸೆಂಬರಿನಲ್ಲಿ, ಟ್ಯಾಟೂ ಅಂಗಡಿಯೊಂದರಲ್ಲಿ ನಾಲಿಗೆ ಸೀಳುವ ಶಸ್ತ್ರಕ್ರಿಯೆಯನ್ನೇ ಮಾಡಿದ್ದು ಬಯಲಾಗಿ ಪೊಲೀಸರು ಇಬ್ಬರನ್ನು ಬಂಧಿಸಿದರು. ಒಂದೇ ಸೂಜಿಯನ್ನು ಹಲವರಿಗೆ ಬಳಸಿದರೆ ಕಾಮಾಲೆಯ ಬಿ, ಸಿ ವೈರಸ್‌ಗಳೂ ಎಚ್‌ಐವಿಯೂ ಹರಡಬಹುದು. ಹಚ್ಚೆ ಹಾಕಿಸಿಕೊಂಡವರಿಂದ ಹನ್ನೆರಡು ತಿಂಗಳು ರಕ್ತದಾನ ಸ್ವೀಕರಿಸಬಾರದೆಂಬ ನಿಯಮ ಇರುವುದು ಈ ಕಾರಣಕ್ಕೆ.

ತೆಗೆಯುವವರ ವಿಚಾರದಲ್ಲಿ ಕಾನೂನು ಇನ್ನಷ್ಟು ಗಟ್ಟಿಯಾಗಿದೆ. ತಮಿಳುನಾಡಿನಲ್ಲಿ ಚಿಕಿತ್ಸಾಲಯಗಳು 1997ರ ವೈದ್ಯಕೀಯ ಸಂಸ್ಥೆಗಳ ನಿಯಂತ್ರಣ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕು. ಆ ಪ್ರಮಾಣಪತ್ರವನ್ನೂ ವೈದ್ಯರ ನೋಂದಣಿ ಸಂಖ್ಯೆಯನ್ನೂ ಕೇಳಿ ನೋಡುವುದು ಸಂಕೋಚದ ವಿಷಯವಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ಮಾರ್ಗಗಳು ಇವನ್ನೆಲ್ಲ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆಯೆಂದು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಹೇಳಿದೆ. ಭಾಷಾ ಅಲ್ಪಸಂಖ್ಯಾತ ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮುಂದಿಟ್ಟ ಕಾಗದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಇರಬಹುದು. ತಿಳಿಯುವ ಭಾಷೆಯಲ್ಲಿ ಓದಿ ಹೇಳುವವರೆಗೆ ಸಹಿ ಹಾಕದಿರುವುದು ರೋಗಿಯ ಹಕ್ಕು. ಎಷ್ಟು ಸಲ ಬೇಕಾದೀತು, ಯಾವ ಬಣ್ಣ ಹೋಗದಿರಬಹುದು, ಒಂದು ಸಲಕ್ಕೆ ಎಷ್ಟು ಹಣ ಎಂಬುದು ಆ ಕಾಗದದಲ್ಲಿರಲಿ. ‘ಪೂರ್ತಿ ಹೋಗುತ್ತದೆ’ ಎಂಬ ಭರವಸೆಯನ್ನು ಬಣ್ಣದ ಹಚ್ಚೆಯ ವಿಷಯದಲ್ಲಿ ಪ್ರಾಮಾಣಿಕ ವೈದ್ಯರು ಕೊಡಲಾರರು. ಪ್ರತಿ ಸಲವೂ ಚಿಕಿತ್ಸೆಗೆ ಮುನ್ನ ದಿನಾಂಕ ಸಹಿತ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಮುಂದೆ ವೈದ್ಯಕೀಯ ಮಂಡಳಿಯ ಮುಂದೆಯೂ ನ್ಯಾಯಾಲಯದಲ್ಲಿಯೂ ಅದು ಉಪಯೋಗಕ್ಕೆ ಬಂದೀತು.

ಅಜಾಗರೂಕತೆಯಿಂದ ಕೈ ಸುಟ್ಟರೆ ದಾರಿ ಇದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಮಾನಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮದುರೆಯಲ್ಲಿ ಚಿಕಿತ್ಸೆ ಪಡೆದ ಉತ್ತಮಪಾಳಯದವರು ತಮ್ಮ ತೇನಿ ಜಿಲ್ಲೆಯಲ್ಲಿಯೇ ನ್ಯಾಯ ಕೇಳಬಹುದು. ಪಾವತಿಸಿದ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಘಟನೆಯಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡುವುದು ವೈದ್ಯರ ವೃತ್ತಿನಿಯಮ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಇತರರಿಗೆ ವರಮಾನದ ಮಿತಿಯೊಳಗೆ.

ಹಚ್ಚೆ ನಮ್ಮ ಹಿರಿಯರಿಗೆ ಅವಮಾನದ ಗುರುತಾಗಿರಲಿಲ್ಲ. ಇಂದಿಗೂ ಅದನ್ನು ಹಾಕಿಸಿಕೊಳ್ಳುವ ಸ್ವಾತಂತ್ರ್ಯ ವಯಸ್ಕರಿಗಿದೆ. ಅಳಿಸಿಕೊಳ್ಳುವ ಸ್ವಾತಂತ್ರ್ಯವೂ ಇದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ. ಪ್ರೌಢಶಾಲೆಯ ಮಕ್ಕಳಿರುವ ಮನೆಯಲ್ಲಿ ಜಾತ್ರೆಗೆ ಹೊರಡುವ ಮುನ್ನ ಮೂರು ಮಾತು ಆಡಿಕೊಂಡರೆ ಸಾಕು: ಹದಿನೆಂಟು ತುಂಬುವವರೆಗೆ ಬೇಡ, ಹಾಕಿಸಿದರೂ ಬಲಗೈ ಬೇಡ, ಹಾಕಿಸಲೇಬೇಕೆಂದರೆ ಹಸಿರು, ಹಳದಿ, ಬಿಳಿಗಳನ್ನು ಬಿಟ್ಟು ಅಜ್ಜಿಯ ಕಪ್ಪೇ ಇರಲಿ. ಈಗಾಗಲೇ ಹಾಕಿಸಿಕೊಂಡವರು ಈ ವರ್ಷದ ಅಧಿಸೂಚನೆಯನ್ನೂ ಒಂದು ಕ್ಯಾಲೆಂಡರನ್ನೂ ಮುಂದಿಟ್ಟುಕೊಂಡು ಹಿಂದಿನಿಂದ ತಿಂಗಳುಗಳನ್ನು ಎಣಿಸಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಮೊದಲ ಸಲಹೆ ಪಡೆಯಲಿ.